ಬಂಡೆ ಬಾವಿಯ ಬೇಸಿಗೆ

ಮೊಮ್ಮಗಳ ಬಾಣಂತನಕ್ಕೆಂದು ಹಿತ್ತಿಲ ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿತ್ತು. ನಾನು ಜಗಲಿಯ ಮೇಲೆ ಕೂತು ಹಳೆಯ ಕಂಬಳಿಯ ಅಂಚು ಹೊಲಿಯುತ್ತಿದ್ದೆ. ಆ ಕಟುವಾದ ವಾಸನೆ ನಡುಮನೆ ದಾಟಿ ಬಂದು ಮೂಗಿಗೆ ತಾಕಿದಾಗ ಸೂಜಿ ಹಿಡಿದ ಕೈ ನಿಂತುಬಿಟ್ಟಿತು. ಬಾಣಂತಿಯ ಮೈನೋವಿಗೆ ಒಳ್ಳೆಯದು ಎನ್ನುತ್ತ ಮನೆಯ ಹೆಂಗಸರೆಲ್ಲ ಸಡಗರದಿಂದ ಓಡಾಡುತ್ತಿದ್ದರು. ನನ್ನ ಕಣ್ಣಿಗೆ ಮಾತ್ರ ಪಾವಗಡದ ಆಚೆಯ ಒಂದು ಬೀದಿ ಬಂತು. ಆ ಬೀದಿಯಲ್ಲಿ ಬೆಳಗಾದರೆ ಪ್ರತಿ ಹಿತ್ತಿಲಿನಿಂದಲೂ ಇದೇ ವಾಸನೆ ಏಳುತ್ತಿತ್ತು, ಬಾಣಂತಿಯರಿಲ್ಲದ ಮನೆಗಳಿಂದಲೂ.

ಅದು ಮಹಾರಾಜರ ಕಾಲ. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು. ನಮಗೆ ಅದು ಗೊತ್ತಾಗುತ್ತಿದ್ದುದು ಸೀಮೆಎಣ್ಣೆ ಸಿಗದೆ ಹೋದಾಗ ಮತ್ತು ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಲೆವಿ ಅಳೆಯಬೇಕಾದಾಗ. ನಮ್ಮದು ಐ.ಡಿ.ಹಳ್ಳಿ ಕಡೆಯ ಕುರಿ ಕಾಯುವ ಮನೆತನ. ಕೂಲಿ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿ ಮಗ್ಗಿ ಬಾಯಿಗೆ ಬರುವ ಹೊತ್ತಿಗೆ ಅಪ್ಪ ನನ್ನನ್ನು ಕುರಿಗಳ ಹಿಂದೆ ಕಳಿಸಿದ. ಹಾಗಾಗಿ ನನಗೆ ಬಂದಷ್ಟರಲ್ಲೇ ಬರೆಯುತ್ತಿದ್ದೇನೆ. ತಂಗಿ ಕೆಂಚಮ್ಮನ ವಿಷಯದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಮಕ್ಕಳಿಗೆ ಅರ್ಧ ಹೇಳಿದ್ದೇನೆ. ಪೂರ್ತಿ ಹೇಳುವುದು ಇದೇ ಮೊದಲು.

ಕೆಂಚಿಯನ್ನು ನಮ್ಮ ಸೋದರಮಾವನ ಮಗ ರಂಗಪ್ಪನಿಗೆ ಕೊಟ್ಟಿದ್ದೆವು. ಮಾವ ತೀರಿಹೋಗಿದ್ದ. ಮನೆಯ ಯಜಮಾನಿಕೆ ಅತ್ತೆ ಗಂಗಮ್ಮನದು. ಊರಿನ ಹೆಸರು ಬೇಡ, ಈಗಲೂ ಅಲ್ಲಿ ಜನ ಬದುಕಿದ್ದಾರೆ. ಸುತ್ತ ಬಂಡೆ, ನಡುವೆ ಕೆಂಪು ನೆಲ, ತಗ್ಗಿನಲ್ಲಿ ಮರಳು ತುಂಬಿದ ಒಂದು ಹಳ್ಳ. ಕುಡಿಯುವ ನೀರು ಆ ಹಳ್ಳದ ತಲಪರಿಗೆಯಿಂದ ಬರಬೇಕಿತ್ತು. ತಲಪರಿಗೆ ಎಂದರೆ ಮರಳಲ್ಲಿ ಮೊಣಕಾಲುದ್ದ, ಎದೆಯುದ್ದ ತೋಡಿದ ಗುಂಡಿ. ಮರಳಿನ ಸಂದಿಯಿಂದ ನೀರು ಒಸರಿ ನಿಧಾನಕ್ಕೆ ತುಂಬುತ್ತದೆ. ಕರಟದಲ್ಲಿ ಮೊಗೆದು ಕೊಡಕ್ಕೆ ಹಾಕಿಕೊಳ್ಳಬೇಕು. ಬೇಸಿಗೆ ಹತ್ತಿರವಾದಾಗ ಊರೆಲ್ಲ ಸೇರಿ ಅದರ ಹೂಳು ತೆಗೆಯುವುದು ಹಿಂದಿನಿಂದ ಬಂದ ಕಟ್ಟು.

ಮದುವೆಯ ಮರುವರ್ಷ ತಂಗಿಯನ್ನು ನೋಡಲು ಹೋದಾಗ ಅವಳು ಎರಡು ಕೊಡ ಹೊತ್ತು ಆ ಏರು ಹತ್ತಿ ಬರುತ್ತಿದ್ದಳು. ಹಿಮ್ಮಡಿ ಸೀಳಿ ರಕ್ತ ಬಂದಿತ್ತು. ಊರಿಗೆ ಬಂದು ಟಗರುಗಳನ್ನು ಮಾರಿದೆ, ಬಾವಿ ತೋಡುವ ಒಡ್ಡರನ್ನು ಕರೆದುಕೊಂಡು ಹೋದೆ, ಅವಳ ಮನೆಯ ಬಾಗಿಲೆದುರು ಬಾವಿ ತೋಡಿಸಿದೆ. ಬಂಡೆ ಅಡ್ಡ ಬಂದಾಗ ಬಿಡದೆ ಸಿಡಿಸಿ ಇನ್ನೂ ಆಳಕ್ಕೆ ಇಳಿಸಿದೆವು. ನೀರು ಬಂತು. ತಿಳಿಯಾಗಿತ್ತು, ಬೇಳೆ ಹಾಕಿದರೆ ಬೇಗ ಬೇಯುತ್ತಿತ್ತು. ಬೀದಿಯ ಹೆಂಗಸರು ಅದಕ್ಕೆ ನನ್ನ ಹೆಸರನ್ನೇ ಇಟ್ಟು ಕರಿಯಣ್ಣನ ಬಾವಿ ಎಂದು ಕರೆದರು. ಆಮೇಲೆ ಹಳ್ಳಕ್ಕೆ ಯಾರೂ ಹೋಗಲಿಲ್ಲ. ಹೂಳು ತೆಗೆಯುವ ಕಟ್ಟೂ ನಿಂತಿತು. ಊರ ಹೊರಗಿನ ಕೇರಿಯವರನ್ನು ಬಾವಿಯ ಹತ್ತಿರ ಬಿಡುತ್ತಿರಲಿಲ್ಲವಾದ್ದರಿಂದ ಅವರು ಮಾತ್ರ ಒಂದು ತಲಪರಿಗೆಯನ್ನು ತೆರೆದು ಇಟ್ಟುಕೊಂಡಿದ್ದರು. ಅವರನ್ನು ಬಿಡದಿರುವುದು ಸರಿ ಎಂದೇ ನಾನೂ ತಿಳಿದಿದ್ದೆ.

ಮೂರ್ನಾಲ್ಕು ವರ್ಷದಲ್ಲಿ ಕೆಂಚಿಗೆ ಒಂದು ಹೆಣ್ಣುಮಗು ಆಯಿತು, ಜೊತೆಗೆ ಹೆಸರಿಲ್ಲದ ಒಂದು ಕಾಯಿಲೆಯೂ ಬಂತು. ಜ್ವರ ಇಲ್ಲ, ಗಾಯ ಇಲ್ಲ. ಮೈಯೆಲ್ಲ ನೋವು. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಕಲ್ಲು ಹೊತ್ತವಳ ಹಾಗೆ ಏಳುತ್ತಿದ್ದಳು. ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ತವರಿಗೆ ಕರೆತಂದರೆ ಕೆಲವು ತಿಂಗಳಲ್ಲಿ ಚೇತರಿಸಿಕೊಂಡು ಓಡಾಡುವಳು. ಗಂಡನ ಮನೆಗೆ ಕಳಿಸಿದರೆ ಮತ್ತೆ ಮಲಗುವಳು. ಇದನ್ನು ಎರಡೂ ಊರಿನವರು ನೋಡಿದ್ದರು. ನೋಡಿದ ಬಹಳ ಜನ ಅದನ್ನು ಗಂಡನ ಮನೆಯ ಕೆಲಸ ತಪ್ಪಿಸುವ ಮೈಗಳ್ಳತನ ಎಂದೇ ಅರ್ಥ ಮಾಡಿಕೊಂಡರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ನಾನು ಕುರಿ ಹೊಡೆದುಕೊಂಡು ಅಲ್ಲಿಗೇ ಹೋದೆ. ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದರೆ ಗೊಬ್ಬರವಾಗುತ್ತದೆ, ಹೊಲದವರು ಕಾಳು ಕೊಡುತ್ತಾರೆ. ಮಳೆ ಬೀಳುವವರೆಗೆ ಅಲ್ಲೇ ಇರುವುದೆಂದು ಹೋಗಿದ್ದೆ. ಹೋದ ದಿನವೇ ಗಂಗಮ್ಮತ್ತೆ ಹಿಡಿದುಕೊಂಡಳು. ಅವಳ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು.

"ಏಮ್ರಾ ಕರಿಯಾ, ಎಂಥಾ ಹುಡ್ಗಿ ಕೊಟ್ರೋ ನಮಗೆ. ಮೂವತ್ತು ತುಂಬಿಲ್ಲ, ನನಗಿಂತ ಮುದುಕಿ ಆಗವ್ಳೆ. ಮಗೀನ ನಾನೇ ಎತ್ಬೇಕು, ಹಿಟ್ಟೂ ನಾನೇ ಬೀಸ್ಬೇಕು. ನನ್ನ ಮಗನಿಗೆ ಇನ್ನೊಂದು ತರ್ತೀನಿ, ಹೇಳಿವ್ನಿ ನೋಡು."

ರಂಗಪ್ಪ ಒಳ್ಳೆಯವನೇ. ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾವಗಡದ ದವಾಖಾನೆಗೆ ಹೋಗಿಬಂದಿದ್ದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಡಮಗ್ಗುಲಿನ ಗುಲ್ಮ ದಪ್ಪವಾಗಿಲ್ಲ, ಇದು ಚಳಿಜ್ವರದ್ದಲ್ಲ ಎಂದರಂತೆ. ರಕ್ತ ಕಡಿಮೆ ಇದೆ, ಹಾಲು ಕುಡಿಯಲಿ ಎಂದರಂತೆ. ಕೊನೆಗೆ, ಇದೇ ನೋವು ಹೇಳಿಕೊಂಡು ನಿಮ್ಮ ಕಡೆಯ ಇನ್ನೂ ಕೆಲವರು ಬಂದಿದ್ದರು, ಏನೆಂದು ನನಗೂ ತಿಳಿಯುತ್ತಿಲ್ಲ ಎಂದು ಒಪ್ಪಿಕೊಂಡರಂತೆ. ಆ ಕೊನೆಯ ಮಾತನ್ನು ರಂಗಪ್ಪ ನನಗೆ ಹೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮಾರಮ್ಮನಿಗೆ ಹರಕೆ ಬಾಕಿ ಇದೆ ಎಂದರು. ಹುರುಳಿ ತಿಂದು ವಾಯು ಹಿಡಿದಿದೆ ಎಂದರು. ಲೆವಿಗೆ ರಾಗಿ ಹೋಗಿ ಹೊಟ್ಟೆಗೆ ಸಾಲದೆ ಹೀಗಾಗಿದೆ ಎಂದರು. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತೂ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಕುಲದ ಹಿರಿಯರು ಬೇವಿನ ಕಟ್ಟೆಯ ಮೇಲೆ ಸೇರಿದರು. ಗಂಗಮ್ಮತ್ತೆ ತನ್ನ ಬೇಡಿಕೆ ಇಟ್ಟಳು. ಯಜಮಾನ ತಿಮ್ಮಣ್ಣ ನನ್ನ ಕಡೆ ತಿರುಗಿದ.

"ಕರಿಯಣ್ಣ, ನೀನು ಒಡಹುಟ್ಟಿದೋನು. ನೀನು ಹೇಳ್ದಂಗೆ ಕೇಳ್ತೀವಿ. ಹುಡ್ಗಿಗೆ ನಿಜವಾಗ್ಲೂ ಏನಾರಾ ಆಗೈತಾ?"

ಅಲ್ಲಿ ನಾನು ಒಂದು ಮಾತು, ಗೊತ್ತಿಲ್ಲ ಎಂಬ ಮಾತು ಆಡಿದ್ದರೂ ಸಾಕಿತ್ತು. ಆದರೆ ನನ್ನ ಮನೆತನದ ಹೆಣ್ಣನ್ನು ನಾಲ್ಕು ಜನರ ಎದುರು ಆಡಿಕೊಳ್ಳುತ್ತಿದ್ದಾರೆಂದು ನನಗೆ ಸಿಟ್ಟು. ಆ ಸಿಟ್ಟು ಆಡಿಕೊಂಡವರ ಮೇಲೆ ಹೋಗದೆ ತಂಗಿಯ ಮೇಲೆ ಹೋಯಿತು.

"ತವರಿಗೆ ಬಂದ್ರೆ ಚಿಗರಿ ಮರಿಯಂಗೆ ಓಡಾಡ್ತಾಳೆ. ಇಲ್ಲಿಗೆ ಬಂದ್ರೆ ಮಲಗ್ತಾಳೆ. ಬಾಗ್ಲಲ್ಲೇ ಬಾವಿ ತೋಡಿಸ್ಕೊಟ್ಟಿವ್ನಿ, ಇನ್ನೇನ್ ಮಾಡ್ಲಿ? ಕಾಯಿಲೆ ಅಲ್ಲ ಬುಡಿ, ಸೋಮಾರಿತನ."

ಕೆಂಚಿ ಕಟ್ಟೆಗೆ ಎದುರಾಗಿದ್ದ ತನ್ನ ಮನೆಯ ಬಾಗಿಲ ಚೌಕಟ್ಟಿಗೆ ಹಣೆ ಒರಗಿಸಿ ನಿಂತಿದ್ದಳು. ಅಳಲಿಲ್ಲ. "ನನ್ನ ಮೈನ ಒಂದಿನ ನಿನಗೆ ಕೊಡ್ತೀನಿ ಅಣ್ಣಯ್ಯ, ಇಟ್ಕಂಡು ನೋಡು" ಎಂದಳು. ಕೂತವರು ನಕ್ಕರು. ನಾನೂ ನಕ್ಕೆ. ಯುಗಾದಿಯವರೆಗೆ ಸಮಯ ಕೊಡುವುದು, ಅಷ್ಟರಲ್ಲಿ ಅವಳು ಎದ್ದು ಮನೆ ಕೆಲಸಕ್ಕೆ ನಿಂತರೆ ಸರಿ, ಇಲ್ಲದಿದ್ದರೆ ತವರಿಗೆ ಕಳಿಸಿ ರಂಗಪ್ಪನಿಗೆ ಬೇರೆ ಮದುವೆ ಮಾಡುವುದು ಎಂದು ತೀರ್ಮಾನವಾಯಿತು.

ಅವಳನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ನಾನೇ ವಹಿಸಿಕೊಂಡೆ. ಕುರಿ ಹಿಂದೆ ಅಲೆಯುವ ನನಗೆ ಯಾವ ನೋವೂ ಇಲ್ಲ, ಹಾಗಾಗಿ ಮೈ ಬಗ್ಗಿಸಿದರೆ ನೋವು ಹೋಗುತ್ತದೆ ಎಂಬುದು ನನ್ನ ನಂಬಿಕೆ. ಬೆಳಗಾಗುತ್ತಲೇ ಹೋಗಿ ಕೂಗುತ್ತಿದ್ದೆ. ಎತ್ತಿನ ಬಾನಿಗೆ ಅವಳಿಂದಲೇ ನೀರು ಸೇದಿಸಿದೆ. ಸುಸ್ತಾಗಿ ಕೂತರೆ, ಉಷ್ಣ ಆಗಿರಬೇಕು, ಚೆನ್ನಾಗಿ ನೀರು ಕುಡಿ ಎಂದು ಚೊಂಬು ತುಂಬಿ ಕೊಡುತ್ತಿದ್ದೆ. ಅವಳು ಪೂರ್ತಿ ಕುಡಿಯುತ್ತಿದ್ದಳು.

ಇನ್ನೊಂದು ಬದಲಾವಣೆಯೂ ಆಯಿತು. ನಾನು ಕಟ್ಟೆಯ ಮೇಲೆ ಆ ಮಾತು ಆಡಿದ ಮೇಲೆ ಬೀದಿಯಲ್ಲಿ ಯಾರೂ ನೋವು ಎನ್ನಲಿಲ್ಲ. ಲಕ್ಕಿ ಸೊಪ್ಪು ಮಾತ್ರ ಎಲ್ಲರ ಹಿತ್ತಿಲಲ್ಲೂ ಕುದಿಯುತ್ತಲೇ ಇತ್ತು.

ಶಿವರಾತ್ರಿಯ ಸುಮಾರಿಗೆ ಒಂದು ಬೆಳಿಗ್ಗೆ ರಂಗಪ್ಪನ ಎತ್ತನ್ನು ಬಿಚ್ಚಲು ಹೋದೆ. ಎರಡು ವರ್ಷದ ಹಿಂದೆ ಮಧುಗಿರಿ ಸಂತೆಯಲ್ಲಿ ನಾನೇ ಹಲ್ಲು ನೋಡಿ ಕೊಡಿಸಿದ ಎತ್ತು, ಒಳ್ಳೆ ಕಸುವಿನದು. ಬಾವಿಯ ಪಕ್ಕದಲ್ಲೇ ಕಟ್ಟುತ್ತಿದ್ದರು. ಅದು ಏಳಲು ನೋಡಿ ಮುಂಗಾಲು ಮಡಿಸಿಕೊಂಡೇ ನಿಂತುಬಿಟ್ಟಿತು. ಹಿಂದಿನ ಕಾಲು ಮರಗಟ್ಟಿದ ಹಾಗೆ ಬಿಗಿದಿತ್ತು. ನಾನು ಬಾರುಕೋಲು ಎತ್ತಿದೆ. ಆಗ ಒಳಗಿನಿಂದ ಕೆಂಚಿ ಹೊರಗೆ ಬಂದಳು. ಹೊಸ್ತಿಲ ಬಳಿ ಕೂತು ಏಳಲು ಹೋಗಿ, ಮೊಣಕಾಲ ಮೇಲೆ ಕೈ ಊರಿ, ಅರ್ಧಕ್ಕೆ ನಿಂತು, ಉಸಿರು ಎಳೆದುಕೊಂಡಳು. ಎರಡೂ ಏಳುವುದು ಒಂದೇ ತರಹ ಇತ್ತು. ಎತ್ತಿಗೆ ತವರು ಇಲ್ಲ, ಅತ್ತೆ ಇಲ್ಲ, ಅದು ಯಾರಿಗೆ ನಟಿಸಬೇಕು? ನಾನು ಕೋಲು ಕೆಳಗೆ ಹಾಕಿದೆ.

ಅವತ್ತು ಕುರಿಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋದಾಗ ಹೊರಗಿನ ಕೇರಿಯ ದುರ್ಗಮ್ಮ ತಲಪರಿಗೆಯ ಬಳಿ ಕೊಡ ತುಂಬಿಸುತ್ತಿದ್ದಳು. ತುಂಬಿದ ಮೇಲೆ ಕಂಕುಳಲ್ಲಿ ಒಂದು ಕೊಡ, ತಲೆಯ ಮೇಲೆ ಒಂದು ಇಟ್ಟುಕೊಂಡಳು.

"ಏನ್ ಬುದ್ದಿ, ನಿಮ್ಮ ಬೀದಿಯೋರೆಲ್ಲ ಮುದುಕರಂಗೆ ನಡೀತಾವ್ರಲ್ಲ" ಎಂದಳು.

"ನಿಮ್ ಕಡೆ ಯಾರಿಗೂ ಮೈ ಕೈ ನೋವಿಲ್ವಾ?"

"ದುಡಿದ ದಿನ ಐತೆ. ಮಲಗೆದ್ರೆ ಇಲ್ಲ. ಬಾವಿ ತಾವ ಬರಬ್ಯಾಡಿ ಅಂದ್ರಲ್ಲ, ಒಳ್ಳೇದೇ ಆಯ್ತು. ದಿನಾ ಇಷ್ಟು ದೂರ ನಡೆದೂ ನಡೆದೂ ನಮ್ಮ ಕಾಲು ಗಟ್ಟಿಯಾದೋ. ನಿಮ್ಮ ಹೆಂಗಸ್ರು ಬಾಗ್ಲು ದಾಟಲ್ಲ."

ಅವಳು ಹೇಳಿದ್ದು ನಡಿಗೆಯ ವಿಷಯ. ನನ್ನ ನಂಬಿಕೆಗೂ ಅದು ಸರಿಹೊಂದುತ್ತಿತ್ತು. ಆದರೆ ಎತ್ತು ಯಾರಿಗಿಂತ ಕಡಿಮೆ ನಡೆದಿತ್ತು? ದಿನವೂ ನೇಗಿಲು ಎಳೆದಿತ್ತು. ಹೊಟ್ಟೆಗಿಲ್ಲದೆ ಬರುವ ಕಾಯಿಲೆಯಾಗಿದ್ದರೆ ದುರ್ಗಮ್ಮನ ಕೇರಿಗೆ ಮೊದಲು ಬರಬೇಕಿತ್ತು. ಮಾರಮ್ಮ ಎರಡೂ ಕೇರಿಗೆ ಒಬ್ಬಳೇ. ಕುರಿಗಳು ಮೇಯುತ್ತಿದ್ದ ಕಡೆಯೇ ನಾನು ಕೂತು ಒಂದೊಂದನ್ನೇ ತೆಗೆದುಹಾಕುತ್ತ ಬಂದೆ. ಕೊನೆಗೆ ಉಳಿದದ್ದು ಬಾವಿ. ಕೆಂಚಿ ತವರಲ್ಲಿ ಕುಡಿಯುತ್ತಿದ್ದುದು ಕೆರೆ ನೀರು. ನಾನು ಹಗಲೆಲ್ಲ ಕುಡಿಯುತ್ತಿದ್ದುದು ಹಳ್ಳದಲ್ಲಿ ಕುರಿಗಳಿಗೆಂದು ನಾನೇ ತೋಡಿಕೊಂಡ ಗುಂಡಿಯ ನೀರು. ಆ ಬಾವಿಯ ನೀರನ್ನೇ ಕುಡಿದವರು ಕುಗ್ಗಿದ್ದರು, ಯಾರಿಗೆ ಅದನ್ನು ಮುಟ್ಟಗೊಟ್ಟಿರಲಿಲ್ಲವೋ ಅವರು ನೆಟ್ಟಗಿದ್ದರು.

ತಿಳಿದ ದಿನವೇ ಹೋಗಿ ಹೇಳಿದೆ ಎಂದು ಬರೆಯಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಬಾಯಿ ಬಿಡಲಿಲ್ಲ. ಅದು ಕರಿಯಣ್ಣನ ಬಾವಿ. ಬೀದಿಗೆಲ್ಲ ನಾನೇ ನೋವು ಕುಡಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ಊಹೆ ತಪ್ಪಿದ್ದರೂ ಇರಬಹುದು ಎಂದು ಸಮಾಧಾನ ಹೇಳಿಕೊಂಡೆ. ಕೆಂಚಿಗೆ ಮಾತ್ರ, ಮಗುವಿಗೆ ತಂಪು ಎಂದು ಸುಳ್ಳು ಹೇಳಿ ಹಳ್ಳದಿಂದ ಒಂದು ಮಡಕೆ ನೀರು ತಂದಿಡುತ್ತಿದ್ದೆ. ಅವಳು ಅದನ್ನು ಮಗುವಿಗೇ ಕುಡಿಸಿ ತಾನು ಬಾವಿಯದನ್ನೇ ಕುಡಿಯುತ್ತಿದ್ದಳು. ಬಿಸಿಲು ಏರುತ್ತ ಹೋಯಿತು. ಬಂಡೆಗಳು ಸಂಜೆಯಾದರೂ ಬೆಂಕಿ ಉಗುಳುತ್ತಿದ್ದವು. ಗಂಗಮ್ಮತ್ತೆ ಕೊರಟಗೆರೆ ಕಡೆ ಒಂದು ಹೆಣ್ಣು ನೋಡಿಬಂದಳು.

ಯುಗಾದಿಗೆ ಮನೆ ಸಾರಿಸುವ ದಿನ ಕೆಂಚಿ ತನ್ನ ಎರಡು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಕೇಳಿದಳು, "ಮಗೀನ ನನ್ನ ಜೊತೆ ಕಳಿಸ್ತಾರಾ ಅಣ್ಣಯ್ಯ?"

ಕಳಿಸುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮಗು ತಂದೆಯ ಮನೆಯದು.

"ಎತ್ಕಳಕ್ಕೆ ಆಗಲ್ಲ, ಅದ್ಕೆ ಕೇಳ್ದೆ. ಕೈ ಹಿಡ್ಕಂಡು ನಡೆಸ್ಕಂಡು ಹೋಗ್ತೀನಿ ಅಂತ ಹೇಳು ಅವ್ರಿಗೆ."

ಹಬ್ಬದ ಮರುದಿನ ಕಟ್ಟೆಯ ಮೇಲೆ ಎಲ್ಲ ಸೇರಿದಾಗ ಯಾರೂ ಕೇಳುವ ಮೊದಲೇ ನಾನು ಎದ್ದು ನಿಂತೆ. ಬಾವಿಯ ವಿಷಯ, ಎತ್ತಿನ ವಿಷಯ, ಹೊರಗಿನ ಕೇರಿಯ ವಿಷಯ ತೊದಲುತ್ತ ಹೇಳಿದೆ. ಹಿಂದಿನಿಂದ ಯಾರೋ, "ತಂಗೀನ ಉಳಿಸ್ಕಳಕ್ಕೆ ಬಾವಿ ಮೇಲೆ ಹಾಕ್ತಾವ್ನೆ ಕಣ್ಲಾ" ಎಂದ. "ಬೇಳೆ ಬೆಣ್ಣೆಯಂಗೆ ಬೇಯ್ತದೆ, ಅಂಥಾ ನೀರು ಕಾಯಿಲೆ ತತ್ತದಾ?" ಎಂದು ಇನ್ನೊಬ್ಬ. ಕುಲದಲ್ಲಿ ಇನ್ಯಾರಿಗೂ ಏನೂ ಆಗಿಲ್ಲವಲ್ಲ ಎಂದು ತಿಮ್ಮಣ್ಣ ಕೇಳಿದ. ಎಲ್ಲರೂ ಇಲ್ಲ ಇಲ್ಲ ಎಂದು ತಲೆಯಾಡಿಸಿದರು.

"ಅಂಗಾದ್ರೆ ಹಿಂದೆ ಆಡಿದ ಮಾತೇ ಮಾತು. ಏಳ್ರಪ್ಪಾ" ಎಂದು ತಿಮ್ಮಣ್ಣ ಏಳಲು ಹೋದ.

ಮೊಣಕಾಲ ಮೇಲೆ ಕೈ ಊರಿದ. ಅರ್ಧ ಎದ್ದು ನಿಂತ. ಉಸಿರು ಎಳೆದುಕೊಂಡ. ಅವನ ಪಕ್ಕದವನೂ ಹಾಗೇ ಕೈ ಊರಿದ್ದ. ಅವನ ಆಚೆಯವನೂ ಹಾಗೇ. ಕಟ್ಟೆಯ ಉದ್ದಕ್ಕೂ ಕುಲದ ಹಿರಿಯರೆಲ್ಲ ಮಂಡಿ ಹಿಡಿದುಕೊಂಡು ಅರ್ಧಕ್ಕೆ ಬಗ್ಗಿ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲು ನಕ್ಕವಳು ಗಂಗಮ್ಮತ್ತೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಅಯ್ಯೋ ನಾಯನಾ, ಎಲ್ಲಾ ಸೋಮಾರಿಗಳೇ ಕಣ್ರಪ್ಪೋ" ಎಂದಳು. ಆಮೇಲೆ ದನಿ ಇಳಿಸಿ, "ನನಗೂ ಐತೆ. ಬೆನ್ನು ಬಗ್ಗಿದ್ರೆ ಏಳಲ್ಲ, ಎದ್ರೆ ಬಗ್ಗಲ್ಲ. ಸೋಮಾರಿ ಅಂತ ನನ್ನೂ ಅಂತಾರೆ ಅಂತ ಬಾಯಿ ಮುಚ್ಕಂಡಿದ್ದೆ. ಅದ್ಕೇ ಇವಳ ಮೇಲೆ ಅಷ್ಟು ಸಿಟ್ಟು" ಎಂದಳು.

ಕಟ್ಟೆ ಅಲ್ಲಿಗೆ ಒಡೆಯಿತು. ಒಬ್ಬನಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಇನ್ನೊಬ್ಬನ ಹೆಂಡತಿ ಗೋಡೆ ಹಿಡಿದು ಏಳುತ್ತಿದ್ದಳು. ತಿಂಗಳುಗಟ್ಟಲೆ ನುಂಗಿಕೊಂಡಿದ್ದು ಒಬ್ಬೊಬ್ಬರ ಬಾಯಿಂದಲೂ ಬಂತು. ನಾನು ಆಡಿದ ಒಂದು ಮಾತು ಕೆಂಚಿಯೊಬ್ಬಳ ಬಾಯಿ ಮುಚ್ಚಿಸಿದೆ ಎಂದುಕೊಂಡಿದ್ದೆ. ಅದು ಇಡೀ ಬೀದಿಯ ಬಾಯಿ ಮುಚ್ಚಿಸಿತ್ತು. ಮಳೆಗಾಲ ಬರುವವರೆಗೆ ಎಲ್ಲರೂ ತಲಪರಿಗೆಯ ನೀರು ಕುಡಿದು ನೋಡುವುದು, ಮದುವೆಯ ಮಾತು ಅಲ್ಲಿಯವರೆಗೆ ಬೇಡ ಎಂದು ತಿಮ್ಮಣ್ಣ ಹೇಳಿದ.

ಮಾರನೆಯ ದಿನ ಹಳ್ಳಕ್ಕೆ ಇಳಿದೆವು. ನಾಲ್ಕು ಬುಟ್ಟಿ ಮರಳು ಎತ್ತುವುದರೊಳಗೆ ಒಬ್ಬೊಬ್ಬರೂ ಕೂತುಬಿಡುತ್ತಿದ್ದರು. ಕೂತವರನ್ನು ಯಾರೂ ಏನೂ ಅನ್ನಲಿಲ್ಲ. ದುರ್ಗಮ್ಮ ದಡದಲ್ಲಿ ನಿಂತು, "ಬಾವಿ ಬ್ಯಾಸರವಾಯ್ತಾ ಬುದ್ದಿ?" ಎಂದು ಕೇಳಿದಳು. ಅವಳ ಕೇರಿಯ ಗಂಡಸರು ಬಂದು ಗುದ್ದಲಿ ಹಿಡಿದರು. ಅವರ ಸಹಾಯ ಪಡೆದೂ ನಾವು ನಮ್ಮ ಗುಂಡಿಯನ್ನು ಬೇರೆಯಾಗಿ, ಮೇಲುಗಡೆ ತೋಡಿಕೊಂಡೆವು. ಒಂದೇ ಮರಳಿನ ಒಂದೇ ನೀರು. ಅದೂ ನಾಚಿಕೆಯ ವಿಷಯವೇ, ಆಗ ನಮಗೆ ಹಾಗೆ ಅನ್ನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಮರಳು ಒದ್ದೆಯಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಮಿನುಗಿತು.

ಮೊದಲ ಕೆಲವು ವಾರ ಏನೂ ಆಗಲಿಲ್ಲ. ಜನ ಗೊಣಗಿದರು. ನಡೆಯಲಾಗದವರಿಗೆಲ್ಲ ನಾನೂ ರಂಗಪ್ಪನೂ ಅಡ್ಡೆ ಹೊತ್ತು ನೀರು ತಂದು ಹಾಕಿದೆವು. ದೂರದ ಗುಡುಗು ಕೇಳಿಸತೊಡಗಿದ ದಿನಗಳಲ್ಲಿ ಕೆಂಚಿ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರ ಆಗಲಿಲ್ಲ ಎಂದಳು. ಅಷ್ಟೇ ಹೇಳಿದ್ದು. ನನಗೆ ಅದನ್ನು ಯಾರಿಗಾದರೂ ಓಡಿಹೋಗಿ ಹೇಳಬೇಕೆನ್ನಿಸಿತು. ಮುಂಗಾರು ಬಿದ್ದು ನೆಲಗಡಲೆ ಬಿತ್ತುವಾಗ ಅವಳು ಸಾಲಿನಲ್ಲಿ ಬೀಜ ಹಾಕುತ್ತ ಬಂದಳು, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ. ಆಷಾಢದಲ್ಲಿ ಒಂದು ಬೆಳಿಗ್ಗೆ ಮಗು ಅಳುತ್ತಿತ್ತು. ಗಂಗಮ್ಮತ್ತೆ ಎದ್ದು ಬರುವಷ್ಟರಲ್ಲಿ ಕೆಂಚಿ ಬಗ್ಗಿ ಅದನ್ನು ಸೊಂಟಕ್ಕೆ ಎತ್ತಿಕೊಂಡಿದ್ದಳು. ಅತ್ತೆ ನೋಡಿ, ತಿರುಗಿ ಒಳಗೆ ಹೋದಳು. ಕೊರಟಗೆರೆಯ ಹೆಣ್ಣಿನ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಎಲ್ಲರಿಗೂ ಪೂರ್ತಿ ಗುಣವಾಗಲಿಲ್ಲ. ತಿಮ್ಮಣ್ಣನ ಬೆನ್ನು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಬಹಳ ವರ್ಷಗಳ ಮೇಲೆ ಸಿರಾದಲ್ಲಿ ನೀರು ಪರೀಕ್ಷೆ ಮಾಡುವವರೊಬ್ಬರು, ಆಳದ ಬಂಡೆಯಲ್ಲಿ ಒಂದು ತರಹದ ಲವಣ ಇರುತ್ತದೆ, ಅದು ನೀರಿನಲ್ಲಿ ಬಂದು ಮೂಳೆಯಲ್ಲಿ ಕೂರುತ್ತದೆ, ಹಾಲು ಕಾಳು ಇಲ್ಲದ ಮೈಗೆ ಬೇಗ ಹತ್ತುತ್ತದೆ ಎಂದು ನನಗೆ ತಿಳಿಸಿ ಹೇಳಿದರು. ಹಾಗಾದರೆ ಲೆವಿಯ ಹಸಿವು ಎಂದವರೂ ಸ್ವಲ್ಪ ಸರಿಯೇ ಹೇಳಿದ್ದರು. ನನಗೆ ಲೆಕ್ಕ ಪೂರ್ತಿ ಗೊತ್ತಿಲ್ಲ.

ಕುರಿ ಹೊಡೆದುಕೊಂಡು ಊರಿಗೆ ಹೊರಡುವ ಹಿಂದಿನ ದಿನ ಕೆಂಚಿ ನನ್ನನ್ನು ಕರೆದಳು.

"ಹೋಗಕ್ಕೆ ಮುಂಚೆ ಒಂದು ಕೆಲ್ಸ ಐತೆ ಅಣ್ಣಯ್ಯ. ಅವತ್ತು ನೀನು ಹೇಳಿದ ಮಾತು ಮನೆ ಮನೆಗೂ ಹೋಗೈತೆ. ನೀನೂ ಮನೆ ಮನೆಗೆ ಹೋಗಿ ಅದನ್ನ ವಾಪಸ್ ತಗಂಬಾ."

"ಬಾವಿದು ಅಂತ ಎಲ್ರಿಗೂ ಗೊತ್ತಾಗೈತಲ್ಲ ಕೆಂಚಿ."

"ಬಾವಿ ಸಂಗತಿ ಗೊತ್ತಾಗೈತೆ. ನನ್ನ ಮೇಲೆ ಹೇಳಿದ್ದು ಸುಳ್ಳು ಅಂತ ನೀನು ಬಾಯಿಬುಟ್ಟು ಹೇಳಿಲ್ಲ."

ಮದುವೆಗೆ ಕರೆಯಲು ಹೋಗುವವನ ಹಾಗೆ ಮಡಿಸಿದ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಯ ಮೊದಲ ಮನೆಯಿಂದ ಶುರುಮಾಡಿದೆ. "ನನ್ನ ತಂಗೀನ ಸೋಮಾರಿ ಅಂದಿದ್ದೆ. ಅದು ಸುಳ್ಳು. ವಾಪಸ್ ತಗಳಕ್ಕೆ ಬಂದಿವ್ನಿ." ಮೊದಲ ಮನೆಯಲ್ಲಿ ನಾಲಿಗೆ ಒಣಗಿತ್ತು. ಕೆಲವರು ನಕ್ಕು ಮಜ್ಜಿಗೆ ಕೊಟ್ಟರು. ಒಬ್ಬ ಮುದುಕಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಕೇಳಿ ಬಾಗಿಲು ಹಾಕಿಕೊಂಡಳು. ತಿಮ್ಮಣ್ಣ ಗೋಡೆಗೆ ಒರಗಿ ಕೂತಿದ್ದವನು ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ಸಲ ಹೇಳು, ನನ್ನ ಹೆಂಡ್ತಿ ಒಳಗವ್ಳೆ, ಅವಳೂ ಕೇಳ್ಲಿ" ಎಂದ. ಹೇಳಿದೆ.

ಕೊನೆಗೆ ಉಳಿದದ್ದು ಅವಳದೇ ಮನೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೇರೆಯವರಿಗೆ ಹೇಳಿದ ಮಾತನ್ನೇ ಅವಳಿಗೂ ಹೇಳಿದೆ. ಅವಳು ಒಳಗೆ ಹೋಗಿ ಒಂದು ಚೊಂಬು ತಂದಿಟ್ಟಳು. "ಇದು ಬಾವಿದು. ಕಾಲಿಗೆ." ನಾನು ಕಾಲು ತೊಳೆದುಕೊಂಡೆ. ಮತ್ತೆ ಹೋಗಿ ಇನ್ನೊಂದು ಚೊಂಬು ತಂದು ಕೈಗೆ ಕೊಟ್ಟಳು. ಕುಡಿಯುವಾಗ ಹಲ್ಲಿಗೆ ಒಂದೆರಡು ಮರಳಿನ ಕಣ ಸಿಕ್ಕವು. ನಾನು ಪೂರ್ತಿ ಕುಡಿಯುವವರೆಗೂ ಅವಳು ಕಾದಳು.

"ಇನ್ನೊಂದು ಚೊಂಬು ಬೇಕಾ?" ಎಂದಳು.

ಬೇಕು ಎಂದೆ.